ಮೊಲದ ಹುಲ್ಲಿನ ಪೊಟ್ಟಣದ ಮೇಲೆ ಕೊಯ್ಲಿನ ತಿಂಗಳು ಬರಲಿ

ಮಾನ್ಯ ಸಂಪಾದಕರೇ,

ಮೊಲಕ್ಕೆಂದು ಮಾರುವ ಒಣಹುಲ್ಲಿನ ಬಗ್ಗೆ ಈ ಪತ್ರ. ವಿಷಯ ಸಣ್ಣದು ಅನ್ನಿಸಬಹುದು. ಆದರೆ ಮನೆಯಲ್ಲಿ ಮೊಲ ಇರುವವರಿಗೆ ಇದಕ್ಕಿಂತ ದೊಡ್ಡ ವಿಷಯ ಇಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಎಲ್ಲ ಕಡೆಯೂ ಈಗ ಮನೆಯೊಳಗೆ, ಫ್ಲ್ಯಾಟಿನ ಬಾಲ್ಕನಿಯಲ್ಲಿ ಮೊಲ ಸಾಕುವವರು ಇದ್ದಾರೆ. ಮಕ್ಕಳು ಹಟ ಮಾಡಿದರು ಅಂತ ತರುತ್ತಾರೆ. ಜೊತೆಗೆ ಒಂದು ಪಂಜರ, ಒಂದು ನೀರಿನ ಬಾಟಲಿ, ಬಣ್ಣಬಣ್ಣದ ಪೆಲೆಟ್ ತಿಂಡಿಯ, ಅಂದರೆ ಪುಡಿಯನ್ನು ಒತ್ತಿ ಮಾಡಿದ ಗುಳಿಗೆಗಳ, ಒಂದು ಪ್ಯಾಕೆಟ್ಟು ಬರುತ್ತದೆ. ಹುಲ್ಲಿನ ಬಗ್ಗೆ ಮಾರುವವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ಕೇಳಿದರೂ ಕೈಗೆ ಸಿಗುವುದು ಒಂದು ಪ್ಲಾಸ್ಟಿಕ್ ಪೊಟ್ಟಣ, ಅದರ ಮೇಲೆ ಹಸಿರು ಬಯಲಿನ ಚಿತ್ರ, ಒಂದು ಬಿಳಿ ಮೊಲ, 'ಪ್ರೀಮಿಯಂ' ಎನ್ನುವ ಮಾತು. ಒಳಗಿರುವುದು ಯಾವ ಹುಲ್ಲು, ಎಲ್ಲಿ ಬೆಳೆದದ್ದು, ಯಾವ ತಿಂಗಳು ಕೊಯ್ದದ್ದು, ಹೂ ಬರುವ ಹೊತ್ತಿಗೆ ಕೊಯ್ದರೋ ಬೀಜ ಉದುರಿದ ಮೇಲೆ ಕೊಯ್ದರೋ, ಒಂದೂ ಗೊತ್ತಾಗುವುದಿಲ್ಲ.

ಈಚೆಗೆ ನಾನು ಆನ್‌ಲೈನ್‌ನಲ್ಲಿ ತರಿಸಿದ ಒಂದು ಪೊಟ್ಟಣದ ವಿಷಯ ಹೇಳುತ್ತೇನೆ. ಹೊರಗೆ ಕಾಣುವ ಕಡೆ ಚೆನ್ನಾಗಿಯೇ ಇತ್ತು, ತಿಳಿಹಸಿರು, ಉದ್ದುದ್ದ ಎಳೆ. ಕತ್ತರಿಸಿ ಹಾಳೆಯ ಮೇಲೆ ಹರವಿದೆ. ನಡುವಿನಲ್ಲಿ ಅಂಗೈಯಗಲದ ಒಂದು ಹೆಂಟೆ ಸಿಕ್ಕಿತು. ಎಳೆಗಳೆಲ್ಲ ಒಂದಕ್ಕೊಂದು ಅಂಟಿ ಚಪ್ಪಟೆಯಾಗಿದ್ದವು. ಬಿಡಿಸಿದರೆ ಬೂದು ಬಣ್ಣದ ಪುಡಿ ಎದ್ದಿತು, ಒಳಗಡೆ ಕಪ್ಪು ಚುಕ್ಕೆಗಳು, ಮೂಗಿಗೆ ಹಿಡಿದರೆ ಮುಗ್ಗಲು ವಾಸನೆ. ಪೊಟ್ಟಣದ ಹಿಂದೆ ಪ್ಯಾಕ್ ಮಾಡಿದ ತಿಂಗಳು ಅಚ್ಚಾಗಿತ್ತು, ತೀರಾ ಹೊಸದು. ಅದಕ್ಕೆ ಮುಂಚೆ ಆ ಹುಲ್ಲು ಎಷ್ಟು ಕಾಲ ಯಾವ ಗೋದಾಮಿನಲ್ಲಿ ಬಿದ್ದಿತ್ತೋ ಹೇಳುವವರಿಲ್ಲ. ಮಾರಿದವರಿಗೆ ಫೋಟೊ ಕಳಿಸಿದೆ. ಇದು ನೈಸರ್ಗಿಕ ಪದಾರ್ಥ, ಬಣ್ಣದಲ್ಲಿ ಹೆಚ್ಚುಕಡಿಮೆ ಇರುತ್ತದೆ ಎಂದು ಉತ್ತರ ಬಂತು. ಬಣ್ಣದಲ್ಲಿ ಹೆಚ್ಚುಕಡಿಮೆ ಇರುವುದನ್ನು ನಾನೂ ಒಪ್ಪುತ್ತೇನೆ. ಬೂಷ್ಟು ಹಿಡಿದದ್ದನ್ನು ಬಣ್ಣದ ವಿಷಯ ಅಂತ ತಳ್ಳಿಹಾಕುವುದನ್ನು ಒಪ್ಪಲು ಆಗುವುದಿಲ್ಲ. ಅಕ್ಕಿಯಲ್ಲಿ ಬೂಷ್ಟು ಬಂದರೆ ನಾವು ಸುಮ್ನೆ ಇರುತ್ತೇವಾ? ಮೊಲಕ್ಕೆ ಹುಲ್ಲೇ ಅಕ್ಕಿ.

ಯಾಕೆ ಅಷ್ಟು ಮುಖ್ಯ ಎಂದು ಹೇಳಲೇಬೇಕು, ಯಾಕೆಂದರೆ ನಮ್ಮಲ್ಲಿ ಮೊಲ ಅಂದರೆ ಕ್ಯಾರೆಟ್ಟು ಎಂದು ತಲೆಯಲ್ಲಿ ಕೂತುಬಿಟ್ಟಿದೆ. ಕ್ಯಾರೆಟ್ಟಿನಲ್ಲಿ ಸಕ್ಕರೆ ಜಾಸ್ತಿ. ಅಪರೂಪಕ್ಕೆ ಒಂದು ಸಣ್ಣ ತುಂಡು ಕೊಟ್ಟರೆ ಸಾಕು. ಸಾಕುಮೊಲಗಳ ಮೂಲ ಸ್ಪೇನ್, ಪೋರ್ಚುಗಲ್ ಕಡೆಯ ಕಾಡುಮೊಲ. ಒರಟು ಹುಲ್ಲು ಮೇಯ್ದೇ ಬದುಕಿದ ಪ್ರಾಣಿ ಅದು. ಅದರ ಬಾಯಲ್ಲಿ 28 ಹಲ್ಲು, ಮುಂದಿನ ಬಾಚಿಹಲ್ಲು, ಹಿಂದಿನ ದವಡೆಹಲ್ಲು ಎಲ್ಲವೂ ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2-3 ಮಿಲಿಮೀಟರ್ ಬೆಳೆಯುತ್ತದೆ. ಬೆಳೆದಷ್ಟು ಸವೆಯಬೇಕು. ಸವೆಯಬೇಕಾದರೆ ದವಡೆಯನ್ನು ಅಡ್ಡಡ್ಡ ಆಡಿಸುತ್ತಾ ದಿನದಲ್ಲಿ ಗಂಟೆಗಟ್ಟಲೆ ಅಗಿಯಬೇಕು. ಆ ಕೆಲಸ ಮಾಡಿಸುವುದು ಉದ್ದ ಹುಲ್ಲು. ಪೆಲೆಟ್ಟನ್ನು ಮೊಲ ಕಟಕ್ಕನೆ ಒಡೆದು ನುಂಗುತ್ತದೆ, ಅದರಲ್ಲಿ ಅಗಿತ ಕಡಿಮೆ. ಹುಲ್ಲು ಸಾಲದ ಮೊಲದ ದವಡೆಹಲ್ಲಿನ ಅಂಚು ಚೂಪಾಗಿ ಬೆಳೆದು ನಾಲಗೆ, ಕೆನ್ನೆಯನ್ನು ಕೊಯ್ಯುತ್ತದೆ. ಆಮೇಲೆ ಜೊಲ್ಲು ಸುರಿಸುವುದು, ಗದ್ದದ ಕೂದಲು ಒದ್ದೆಯಾಗುವುದು, ಊಟದ ಹತ್ತಿರ ಆಸೆಯಿಂದ ಬಂದು ಬಾಯಿ ಹಾಕಿ ಹಿಂದೆ ಸರಿಯುವುದು ಶುರುವಾಗುತ್ತದೆ. ಇದನ್ನು ಕಣ್ಣಾರೆ ನೋಡಿದವರಿಗೆ ಗೊತ್ತು, ಹಸಿದ ಪ್ರಾಣಿ ಊಟದ ಮುಂದೆ ಕೂತು ತಿನ್ನಲಾಗದೆ ಒದ್ದಾಡುವುದು ಎಂಥ ಸಂಕಟ ಅಂತ.

ಹೊಟ್ಟೆಯ ವಿಷಯ ಇನ್ನೂ ಸೂಕ್ಷ್ಮ. ಮೊಲದ ಕರುಳು ಸದಾ ಚಲಿಸುತ್ತಿರಬೇಕು. ಅದನ್ನು ಚಲಿಸುವಂತೆ ಇಡುವುದು ಜೀರ್ಣವಾಗದ ಒರಟು ನಾರು. ನಾರು ಕಡಿಮೆಯಾಗಿ ಪಿಷ್ಟ, ಸಕ್ಕರೆ ಜಾಸ್ತಿಯಾದರೆ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳ ಹದ ತಪ್ಪುತ್ತದೆ, ಗ್ಯಾಸ್ ತುಂಬಿಕೊಳ್ಳುತ್ತದೆ, ಕರುಳು ನಿಂತೇಬಿಡಬಹುದು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆಗೆ ಹೋದದ್ದು ಮುಂದಕ್ಕೇ ಹೋಗಬೇಕು. ಹತ್ತು ಹನ್ನೆರಡು ಗಂಟೆ ತಿನ್ನಲಿಲ್ಲ, ಹಿಕ್ಕೆ ಹಾಕಲಿಲ್ಲ ಎಂದರೆ ಬೆಳಗಾಗಲಿ ನೋಡೋಣ ಎಂದು ಕಾಯಬಾರದು, ಮೊಲಗಳನ್ನು ನೋಡಿ ಗೊತ್ತಿರುವ ಪಶುವೈದ್ಯರ ಹತ್ತಿರ ತಕ್ಷಣ ಹೋಗಬೇಕು. ಬೆಳೆದ ಮೊಲದ ಊಟದಲ್ಲಿ ನೂರಕ್ಕೆ 80 ಭಾಗಕ್ಕಿಂತ ಜಾಸ್ತಿ ಹುಲ್ಲೇ ಇರಬೇಕು ಎಂದು ವೈದ್ಯರು ಹೇಳುವುದು ಇದಕ್ಕೇ. ಕಡೇಪಕ್ಷ ಮೊಲದ ಮೈಯಷ್ಟು ದೊಡ್ಡ ಕಂತೆ ಪ್ರತಿದಿನ, ಅದೂ ಹಗಲು ರಾತ್ರಿ ಎದುರಿಗೇ ಇರಬೇಕು.

ಇನ್ನು ಹುಲ್ಲಿನ ಗುಣ ನೋಡುವುದು ಹೇಗೆ ಎನ್ನುವ ಮಾತು. ನಮ್ಮ ರೈತರಿಗೆ ಇದು ಹೊಸ ವಿದ್ಯೆ ಅಲ್ಲ. ಬಣವೆಯೊಳಗೆ ಕೈ ತೂರಿಸಿ ಬಿಸಿ ಇದೆಯಾ ಎಂದು ನೋಡುವವರು, ಒಂದು ಹಿಡಿ ಎಳೆದು ಮೂಸಿ ವ್ಯಾಪಾರ ಮಾಡುವವರು ಇಂದಿಗೂ ಇದ್ದಾರೆ. ಪೇಟೆಯಲ್ಲಿ ಮೊಲ ಸಾಕುವ ನಮಗೆ ಆ ವಿದ್ಯೆ ಬೇಕು.

ಮೊದಲು ತಿಳಿಯಬೇಕಾದ್ದು ಭತ್ತದ ಹುಲ್ಲಿನ ವಿಷಯ. ಎಷ್ಟೋ ಕಡೆ ಅದನ್ನೇ ತುಂಡು ಮಾಡಿ ಮೊಲದ ಊಟ ಎಂದು ಮಾರುತ್ತಾರೆ. ಕರಾವಳಿಯವರು ಬೈಹುಲ್ಲು ಎನ್ನುವ ಇದು ಕಾಳು ಬಡಿದು ತೆಗೆದ ಮೇಲೆ ಉಳಿದ ದಂಟು. ಗಿಡ ತನ್ನ ಸತ್ವವನ್ನೆಲ್ಲ ಕಾಳಿಗೆ ಕೊಟ್ಟಾಗಿರುತ್ತದೆ. ಪ್ರೋಟೀನ್ ನೂರಕ್ಕೆ 3-4 ಭಾಗ ಇದ್ದರೆ ಹೆಚ್ಚು, ಮರಳಿನಲ್ಲಿರುವಂಥ ಸಿಲಿಕಾ ಮಾತ್ರ ಜಾಸ್ತಿ. ದನ ಮೆಲುಕು ಹಾಕುತ್ತದೆ, ಹೊಟ್ಟೆಯಲ್ಲಿ ನಾಲ್ಕು ಕೋಣೆ ಇವೆ, ಜೊತೆಗೆ ಹಿಂಡಿ, ಬೂಸಾ, ಹಸಿಮೇವು ಬೀಳುತ್ತದೆ, ಹಾಗಾಗಿ ನಡೆಯುತ್ತದೆ. ಮೊಲಕ್ಕೆ ಭತ್ತದ ಹುಲ್ಲು ಹಾಸಿಗೆಗೆ ಸರಿ, ಊಟಕ್ಕೆ ಸಾಲದು. ರಾಗಿ ಹುಲ್ಲು ಅದಕ್ಕಿಂತ ಪರವಾಗಿಲ್ಲ, ಆದರೂ ಅದೂ ತೆನೆ ಕೊಯ್ದ ಮೇಲಿನದೇ. ಊಟಕ್ಕೆ ಬೇಕಾದದ್ದು ತೆನೆ ಹೊರಡುವ ಹೊತ್ತಿಗೆ, ಹೂವಿನ ಹಂತದಲ್ಲಿ ಇಡೀ ಗಿಡವನ್ನೇ ಕೊಯ್ದು, ಎಲೆ ಉದುರದ ಹಾಗೆ ಬೇಗ ಒಣಗಿಸಿದ ಹುಲ್ಲು. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಭತ್ತದ ಹುಲ್ಲು ಹಳದಿ, ಹೊಳೆಯುತ್ತದೆ, ದಂಟಿನೊಳಗೆ ಟೊಳ್ಳು, ಎಲೆ ಕಡಿಮೆ, ತೆನೆಯಲ್ಲಿ ಕಾಳಿಲ್ಲದ ಬರೀ ಕಡ್ಡಿ. ಪೊಟ್ಟಣದಲ್ಲಿ ಎಲ್ಲ ತುಂಡೂ ಒಂದೇ ಅಳತೆಗೆ ಕತ್ತರಿಸಿದ ಹಳದಿ ಕಡ್ಡಿಯಾಗಿದ್ದರೆ ಕೆಳಗಿಡಿ.

ತಿಮೋತಿ ಹುಲ್ಲಿಗೆ ಈಗ ದೊಡ್ಡ ಹೆಸರು. ಅದು ಚಳಿ ಸೀಮೆಯ ಹುಲ್ಲು, ನಮ್ಮ ಬಯಲುಸೀಮೆಯ ಬಿಸಿಲಿಗೆ ಆಗಿಬರುವುದಿಲ್ಲ. ಇಲ್ಲಿ ಸಿಗುವುದರಲ್ಲಿ ಹೆಚ್ಚಿನದು ಅಮೆರಿಕ, ಕೆನಡಾ ಕಡೆಯಿಂದ ಹಡಗಿನಲ್ಲಿ ಬಂದದ್ದು. ಕಿಲೋಗೆ ನೂರಾರು ರೂಪಾಯಿ. ಅಲ್ಲಿ ಒಂದೇ ಹೊಲದಲ್ಲಿ ವರ್ಷಕ್ಕೆ ಎರಡು ಮೂರು ಸಲ ಕೊಯ್ಯುತ್ತಾರೆ. ಮೊದಲ ಕೊಯ್ಲಿನಲ್ಲಿ ದಂಟು, ತೆನೆ ಜಾಸ್ತಿ, ನಾರು ಜಾಸ್ತಿ, ಒರಟು. ಎರಡನೆಯದರಲ್ಲಿ ದಂಟೂ ಎಲೆಯೂ ಸಮ, ಬಣ್ಣ ಹಸಿರು. ಮೂರನೆಯದು ಮೆತ್ತಗೆ, ಬರೀ ಎಲೆ, ನಾರು ಕಡಿಮೆ. ಹಲ್ಲಿನ ತೊಂದರೆ ಇರುವ ಅಥವಾ ವಯಸ್ಸಾದ ಮೊಲಕ್ಕೆ ಮೂರನೆಯದು ಬೇಕಾಗಬಹುದು, ಗಟ್ಟಿಮುಟ್ಟಾದ, ಸ್ವಲ್ಪ ದಪ್ಪಗಾದ ಮೊಲಕ್ಕೆ ಮೊದಲನೆಯದೇ ಒಳ್ಳೆಯದು. ಅಲ್ಲಿನ ಮಾರಾಟಗಾರರಲ್ಲಿ ಹಲವರು ಇದನ್ನು ಬರೆದೇ ಮಾರುತ್ತಾರೆ. ಅದೇ ಹುಲ್ಲು ಇಲ್ಲಿಗೆ ಬಂದು ಸಣ್ಣ ಪೊಟ್ಟಣಕ್ಕೆ ಇಳಿಯುವಾಗ ಆ ಮಾಹಿತಿ ಎಲ್ಲಿ ಹೋಗುತ್ತದೆ? ನನ್ನ ಪ್ರಶ್ನೆ ಇಷ್ಟೇ.

ತಿಮೋತಿಯೇ ಬೇಕು ಎಂದೂ ಇಲ್ಲ. ರೋಡ್ಸ್ ಹುಲ್ಲು, ಗಿನಿ ಹುಲ್ಲು, ಅಂಜನ್ ಹುಲ್ಲು, ಗಣೇಶನಿಗೆ ಏರಿಸುವ ನಮ್ಮ ಗರಿಕೆ, ಉತ್ತರ ಭಾರತದಲ್ಲಿ ಚಳಿಗಾಲದ ಮೇವಾಗಿ ಬೆಳೆಯುವ ಓಟ್ಸ್ ಹುಲ್ಲು, ಇವೆಲ್ಲ ಹದವಾಗಿ ಒಣಗಿಸಿದರೆ ಮೊಲಕ್ಕೆ ಒಳ್ಳೆಯ ಊಟ. ಮುಖ್ಯವಾಗಿ ರೋಡ್ಸ್ ಮತ್ತು ಗರಿಕೆಯ ದಂಟು ತೆಳು, ಬೇಗ ಒಣಗುತ್ತದೆ. ದನಗಳಿಗೆ ಬೆಳೆಯುವ ಎತ್ತರದ ನೇಪಿಯರ್ ಹುಲ್ಲು ಮಾತ್ರ ಈ ಕೆಲಸಕ್ಕೆ ಸರಿಬರುವುದಿಲ್ಲ. ದಂಟು ದಪ್ಪ, ಒಳಗೆ ನೀರು ಉಳಿಯುತ್ತದೆ, ಸುಣ್ಣದ ಅಂಶ ಮೈಗೆ ಹತ್ತದಂತೆ ಮಾಡುವ ಆಕ್ಸಲೇಟ್ ಕೂಡ ಜಾಸ್ತಿ. ಉತ್ತರ ಕನ್ನಡದ ಬೇಣಗಳಲ್ಲಿ, ಅಂದರೆ ಹುಲ್ಲುಗಾವಲುಗಳಲ್ಲಿ, ಮಳೆ ನಿಂತ ಮೇಲೆ ಕೊಯ್ಯುವ ಕರಡ ಎನ್ನುವ ಕಾಡುಹುಲ್ಲಿನ ಬಗ್ಗೆಯೂ ಕೇಳುವವರಿದ್ದಾರೆ. ಹಸಿರು ಇನ್ನೂ ಉಳಿದಿರುವಾಗ ಕೊಯ್ದ ಕರಡ ಚೆನ್ನಾಗಿಯೇ ಇರುತ್ತದೆ. ಪೂರ್ತಿ ಬಲಿತು ಕೆಂಪಾದ ಮೇಲೆ ಕೊಯ್ದದ್ದರಲ್ಲಿ ಸತ್ವ ಕಡಿಮೆ, ಕೆಲವು ಜಾತಿಯ ಹುಲ್ಲಿನ ಬೀಜದ ಮುಳ್ಳು ಬಾಯಿಗೆ, ಕಣ್ಣಿಗೆ ಚುಚ್ಚುತ್ತದೆ, ಅದನ್ನು ನೋಡಿ ಆರಿಸಬೇಕು.

ಕುದುರೆ ಮಸಾಲೆ ಸೊಪ್ಪಿನ ಒಣಮೇವನ್ನು ಅಲ್ಫಾಲ್ಫಾ ಎನ್ನುವ ಹೆಸರಿನಲ್ಲಿ ಮಾರುತ್ತಾರೆ. ಅದು ಹುಲ್ಲಿನ ಜಾತಿಯೇ ಅಲ್ಲ, ದ್ವಿದಳ ಗಿಡ. ಪ್ರೋಟೀನ್ ಜಾಸ್ತಿ, ಸುಣ್ಣದ ಅಂಶ ಹುಲ್ಲಿಗಿಂತ ಎರಡು ಮೂರು ಪಟ್ಟು. ಆರು ತಿಂಗಳೊಳಗಿನ ಮರಿಗೆ, ಗಬ್ಬದ ಮೊಲಕ್ಕೆ, ಹಾಲೂಡುವ ತಾಯಿಗೆ ಒಳ್ಳೆಯದು. ಬೆಳೆದ ಮೊಲಕ್ಕೆ ದಿನವೂ ಹಾಕಬಾರದು. ಮೊಲದ ದೇಹ ಬೇಡವಾದ ಸುಣ್ಣವನ್ನು ಮೂತ್ರದಲ್ಲಿ ಹೊರಹಾಕುತ್ತದೆ, ಅದು ಮಿತಿಮೀರಿದರೆ ಮೂತ್ರ ಗಸಿಗಟ್ಟುತ್ತದೆ, ಕಲ್ಲೂ ಆಗಬಹುದು. ಹಸಿರಾಗಿ ಘಮಘಮ ಅನ್ನುತ್ತದೆ, ಮೊಲವೂ ಮುಗಿಬಿದ್ದು ತಿನ್ನುತ್ತದೆ. ಅದಕ್ಕೇ ಅಂಗಡಿಯಲ್ಲಿ ಇದನ್ನೇ ಮುಂದಿಡುತ್ತಾರೆ. ಸಣ್ಣ ದುಂಡು ಎಲೆಯ ಚೂರು, ಕಡ್ಡಿ ಕಡ್ಡಿ ದಂಟು ಕಂಡರೆ ಇದು ಎಂದು ತಿಳಿಯಬೇಕು. ಹುಲ್ಲಿನ ಎಲೆ ಯಾವತ್ತೂ ಉದ್ದ ಪಟ್ಟಿ.

ಈಗ ಕಣ್ಣು, ಮೂಗು, ಕೈ. ಬಣ್ಣ ಹಸಿರಿದ್ದರೆ ಬೇಗ ಒಣಗಿದೆ, ಮಳೆಗೆ ಸಿಕ್ಕಿಲ್ಲ ಎಂದು ಅರ್ಥ, ಎ ಜೀವಸತ್ವದ ಮೂಲವಾದ ಕ್ಯಾರೋಟಿನ್ ಉಳಿದಿರುತ್ತದೆ. ಆದರೆ ಬಣ್ಣವೊಂದನ್ನೇ ನಂಬಬೇಡಿ. ಕಟ್ಟಿನ ಹೊರಮೈ ಬಿಸಿಲಿಗೆ ಬಿಳಿಚಿಕೊಂಡು ಒಳಗೆ ಹಸಿರಾಗಿದ್ದರೆ ಏನೂ ದೋಷ ಇಲ್ಲ. ದಟ್ಟವಾಗಿ ಬೆಳೆದ ಹುಲ್ಲಿನ ಬುಡದ ಎಲೆ ನೆರಳಿಗೆ ಕಂದಾಗುತ್ತದೆ, ಅದೂ ತಪ್ಪಲ್ಲ. ಇಡೀ ಕಟ್ಟು ಒಳಗೂ ಹೊರಗೂ ಕಂದು ಬಣ್ಣ ಆಗಿದ್ದರೆ ಮಾತ್ರ ಅನುಮಾನ ಪಡಬೇಕು. ಒಂದೋ ಕೊಯ್ದ ಮೇಲೆ ಮಳೆ ಹೊಡೆದಿದೆ, ಇಲ್ಲವೇ ಹಸಿ ಇರುವಾಗಲೇ ಕಟ್ಟು ಕಟ್ಟಿ ಒಳಗೊಳಗೆ ಬೆಂದಿದೆ.

ನನ್ನ ಮಟ್ಟಿಗೆ ಮೂಗು ಕಣ್ಣಿಗಿಂತ ನಂಬಿಕಸ್ತ. ಒಳ್ಳೆಯ ಹುಲ್ಲಿಗೆ ಸಿಹಿಯಾದ, ಹೊಲದ ಬದುವಿನಲ್ಲಿ ಹುಲ್ಲು ಕೊಯ್ಯುವಾಗ ಬರುವ ಪರಿಮಳ ಇರುತ್ತದೆ. ಏನೂ ವಾಸನೆ ಇಲ್ಲದಿದ್ದರೆ ಹಳೆಯದು, ಅಪಾಯ ಇಲ್ಲ, ಸತ್ವ ಕಡಿಮೆ. ಮುಗ್ಗಲು ಬಂದರೆ ಯೋಚನೆ ಮಾಡದೆ ಎಸೆಯಿರಿ. ಬೆಲ್ಲದ ಪಾಕ ಸೀದ ವಾಸನೆ ಅಥವಾ ಹೊಗೆಸೊಪ್ಪಿನ ವಾಸನೆ ಬಂದರೆ ಹಸಿಯಾಗಿ ಕಟ್ಟಿಟ್ಟು ಕಾವು ಏರಿದ ಹುಲ್ಲು. ಇದನ್ನು ಪ್ರಾಣಿಗಳು ಕೆಲವು ಸಲ ಇಷ್ಟಪಟ್ಟೇ ತಿನ್ನುತ್ತವೆ, ಆದರೆ ಅದರ ಪ್ರೋಟೀನ್ ಸುಟ್ಟು ಮೈಗೆ ಹತ್ತದ ಹಾಗಾಗಿರುತ್ತದೆ. ಇಷ್ಟಪಟ್ಟು ತಿಂದಿತು ಅಂತ ಗುಣ ಒಳ್ಳೆಯದು ಎನ್ನಲಾಗದು. ತೇವ ನೂರಕ್ಕೆ 20ರ ಮೇಲಿರುವಾಗ ಬಿಗಿಯಾಗಿ ಕಟ್ಟಿದ ಹುಲ್ಲು ಬೂಷ್ಟು ಹಿಡಿಯುತ್ತದೆ, ಕಾವೇರುತ್ತದೆ. ದೊಡ್ಡ ಬಣವೆಗಳು ತಾವಾಗಿಯೇ ಹೊತ್ತಿಕೊಂಡು ಉರಿಯುವುದು ಇದೇ ಕಾರಣಕ್ಕೆ. 15ಕ್ಕಿಂತ ಕಡಿಮೆ ಇದ್ದರೆ ನಿಶ್ಚಿಂತೆ.

ತೇವ ಅಳೆಯಲು ಯಂತ್ರ ಬೇಕಿಲ್ಲ. ಒಂದು ಹಿಡಿ ಹುಲ್ಲನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ. ಚರಚರ ಸದ್ದಾಗಿ ನಾಲ್ಕಾರು ದಂಟು ಮುರಿದರೆ ಹದ. ಮುರಿಯದೆ ಸುಮ್ನೆ ಸುತ್ತಿಕೊಂಡರೆ ಇನ್ನೂ ಹಸಿ. ಪುಡಿಪುಡಿಯಾಗಿ ಉದುರಿದರೆ ಬಿಸಿಲು ಜಾಸ್ತಿಯಾಗಿದೆ, ಎಲೆ ಹೊಲದಲ್ಲೇ ಉದುರಿಹೋಗಿ ಬರೀ ಕಡ್ಡಿ ನಿಮ್ಮ ಕೈಗೆ ಬಂದಿದೆ. ಆಮೇಲೆ ಒಂದು ದಂಟು ತೆಗೆದುಕೊಂಡು ಅದರ ಗಿಣ್ಣು ನೋಡಿ. ಹುಲ್ಲಿನಲ್ಲಿ ಕೊನೆಗೆ ಒಣಗುವುದು ಗಿಣ್ಣು. ಅಲ್ಲಿ ಉಗುರಿನಿಂದ ಕೆರೆದಾಗ ಸಿಪ್ಪೆ ಸುಲಿದು ಬಂದರೆ ಒಳಗೆ ನೀರಿದೆ. ಗಟ್ಟಿಯಾಗಿ, ಉಗುರು ಜಾರಿದರೆ ಒಣಗಿದೆ. ಇದನ್ನೂ ಮೀರಿ ಖಾತ್ರಿ ಬೇಕೆಂದರೆ ಉಪ್ಪಿನ ಪರೀಕ್ಷೆ ಇದೆ. ಒಣಗಿದ ಗಾಜಿನ ಬಾಟಲಿಗೆ ಸಣ್ಣಗೆ ಕತ್ತರಿಸಿದ ಹುಲ್ಲನ್ನು ಅರ್ಧದಷ್ಟು ತುಂಬಿ ಒಂದು ಚಮಚ ಪುಡಿ ಉಪ್ಪು ಹಾಕಿ, ಮುಚ್ಚಳ ಬಿಗಿದು ಒಂದೆರಡು ನಿಮಿಷ ಚೆನ್ನಾಗಿ ಕುಲುಕಿ. ಉಪ್ಪು ಉದುರುದುರಾಗಿಯೇ ಇದ್ದರೆ ತೇವ 15ಕ್ಕಿಂತ ಕೆಳಗಿದೆ, ಅಂಟಂಟಾಗಿ ಗಂಟು ಕಟ್ಟಿದರೆ ಮೇಲಿದೆ. ನಮ್ಮ ಮಳೆಗಾಲದಲ್ಲಿ ಡಬ್ಬಿಯ ಉಪ್ಪೇ ನೀರೊಡೆದಿರುತ್ತದೆ ಅಲ್ವಾ, ಹಾಗಾಗಿ ಮೊದಲು ಬಾಣಲೆಯಲ್ಲಿ ಉಪ್ಪನ್ನು ಹುರಿದು, ಆರಿಸಿಕೊಂಡು ಆಮೇಲೆ ಮಾಡಬೇಕು.

ಧೂಳು ನೋಡುವುದಕ್ಕೆ ಕಿಟಕಿಯ ಬಿಸಿಲು ಸಾಕು. ಒಂದು ಹಿಡಿ ಎತ್ತಿ ಬೆಳಕಿಗೆ ಅಡ್ಡ ಹಿಡಿದು ಕೊಡವಿ. ಸ್ವಲ್ಪ ಮಣ್ಣಿನ ಧೂಳು ಇದ್ದೇ ಇರುತ್ತದೆ, ಅದು ಬೇಗ ಕೆಳಗೆ ಬೀಳುತ್ತದೆ. ಬೂಷ್ಟಿನ ಪುಡಿ ಹಗುರ, ಬಿಳಿಯಾಗಿ ಗಾಳಿಯಲ್ಲೇ ತೇಲುತ್ತದೆ, ಕೊಡವಿದವರಿಗೂ ಸೀನು ಬರುತ್ತದೆ. ಮೊಲ ಮೂಗಿನಿಂದಲೇ ಉಸಿರಾಡುವ ಪ್ರಾಣಿ, ಬಾಯಿಂದ ಉಸಿರಾಡುವುದು ಅದಕ್ಕೆ ಪ್ರಾಣಸಂಕಟ ಬಂದಾಗ ಮಾತ್ರ. ದಿನವಿಡೀ ಮುಖ ಹುದುಗಿಸಿ ತಿನ್ನುವ ಹುಲ್ಲೇ ಧೂಳಿನದಾದರೆ ಅದರ ಮೂಗು, ಶ್ವಾಸಕೋಶ ಏನಾಗಬೇಕು? ಮನೆಯಲ್ಲಿ ಉಬ್ಬಸ ಇರುವ ಮಕ್ಕಳಿದ್ದರೆ ಅವರಿಗೂ ತೊಂದರೆ.

ಹಾಗೆಯೇ ಹುಲ್ಲಿನ ಜೊತೆ ಏನು ಬಂದಿದೆ ಎಂದು ಬಿಡಿಸಿ ನೋಡಬೇಕು. ಪ್ಲಾಸ್ಟಿಕ್ ಹುರಿ, ತಂತಿ ಚೂರು ಸಿಗುವುದುಂಟು. ನಮ್ಮ ಕಡೆ ಇನ್ನೊಂದು ಕಾಟ ಪಾರ್ಥೇನಿಯಂ, ಊರಿನವರು ಕಾಂಗ್ರೆಸ್ ಗಿಡ ಎನ್ನುವುದು. ರಸ್ತೆ ಬದಿ, ಬೀಳು ಜಾಗದ ಹುಲ್ಲು ಕೊಯ್ದು ಒಣಗಿಸಿದರೆ ಅದು ಬಂದೇ ಬರುತ್ತದೆ. ಒಣಗಿದ ಮೇಲೆ ಸಣ್ಣ ಬಿಳಿ ಹೂವಿನ ಗುಂಡು ತಲೆಗಳಿಂದ ಗುರುತು ಹಿಡಿಯಬಹುದು. ಜನರಿಗೆ ಮೈ ತುರಿಕೆ, ಉಬ್ಬಸ ತರುವ, ದನಕರುಗಳಿಗೂ ವಿಷವಾಗುವ ಗಿಡ ಅದು. ಲಾಂಟಾನಾ ಪೊದೆಯ ಎಲೆಯೂ ವಿಷವೇ. ಇಂಥವು ಕಂಡ ಪೊಟ್ಟಣವನ್ನು ಆರಿಸಿ ಬಳಸುವುದಕ್ಕಿಂತ ವಾಪಸು ಕೊಡುವುದು ಮೇಲು.

ಹುಲ್ಲು ಸರಿಯಿದೆಯಾ ಎನ್ನುವ ಕೊನೆಯ ತೀರ್ಪು ಮೊಲದ ಹಿಕ್ಕೆಯದು. ದಿನಾ ಬೆಳಗ್ಗೆ ಗುಡಿಸುವಾಗ ಎರಡು ಹಿಕ್ಕೆ ಎತ್ತಿ ನೋಡಿ. ದೊಡ್ಡದಾಗಿ, ದುಂಡಗೆ, ತಿಳಿಕಂದು ಬಣ್ಣದಲ್ಲಿದ್ದು, ಬೆರಳಿನಲ್ಲಿ ಒತ್ತಿದರೆ ಹುಲ್ಲಿನ ನಾರು ಕಾಣುವಂತೆ ಪುಡಿಯಾದರೆ ಊಟ ಚೆನ್ನಾಗಿದೆ. ಸಣ್ಣಗೆ, ಕಪ್ಪಾಗಿ, ಗಟ್ಟಿಯಾಗಿ, ಗಾತ್ರ ಒಂದೊಂದು ಒಂದೊಂದು ಥರ ಇದ್ದರೆ ನಾರು ಸಾಲುತ್ತಿಲ್ಲ. ಮೊಲ ಇನ್ನೊಂದು ಥರದ ಮೆತ್ತನೆ ಹಿಕ್ಕೆಯನ್ನೂ ಹಾಕುತ್ತದೆ, ಅದನ್ನು ತಾನೇ ತಿಂದುಬಿಡುತ್ತದೆ. ಅದರಿಂದ ಅದಕ್ಕೆ ಜೀವಸತ್ವ, ಪ್ರೋಟೀನ್ ಸಿಗುತ್ತದೆ, ಹೇಸಿಗೆ ಪಡುವಂಥದ್ದು ಏನೂ ಇಲ್ಲ. ಅದು ತಿನ್ನದೆ ಉಳಿದು ಹಿಂಬದಿಗೆ ಅಂಟಿಕೊಳ್ಳುತ್ತಿದ್ದರೆ ಪೆಲೆಟ್ಟು, ಸಿಹಿ ಜಾಸ್ತಿಯಾಗಿ ಹುಲ್ಲು ಕಡಿಮೆಯಾಗಿದೆ ಎಂದು ಸಾಮಾನ್ಯವಾಗಿ ಹೇಳಬಹುದು. ಇದ್ದಕ್ಕಿದ್ದಂತೆ ಹುಲ್ಲು ಬಿಟ್ಟರೆ ಹಟ ಅಂದುಕೊಳ್ಳಬೇಡಿ. ಹೊಸ ಹುಲ್ಲು ಕೊಟ್ಟು ನೋಡಿ. ಅದನ್ನೂ ಮೂಸಿ ಬಿಟ್ಟರೆ ಹಲ್ಲು ತೋರಿಸಬೇಕು.

ಒಳ್ಳೆಯ ಹುಲ್ಲನ್ನು ತಂದು ಮನೆಯಲ್ಲಿ ಕೆಡಿಸುವುದೂ ಸುಲಭ, ಅದರಲ್ಲೂ ಕರಾವಳಿ, ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹವೆಯಲ್ಲಿ. ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ಬಿಗಿದಿಟ್ಟರೆ ಒಳಗಿನ ತೇವ ಒಳಗೇ ಬೆವರುತ್ತದೆ. ರಟ್ಟಿನ ಪೆಟ್ಟಿಗೆ, ಹತ್ತಿ ಬಟ್ಟೆಯ ಚೀಲ, ಹಳೆಯ ದಿಂಬಿನ ಕವರು ಒಳ್ಳೆಯದು. ನೆಲಕ್ಕೆ ತಾಗದಂತೆ, ಬಿಸಿಲು ಬೀಳದ ಕಡೆ ಇಡಬೇಕು. ಮಳೆಗಾಲದಲ್ಲಿ ಒಮ್ಮೆಗೇ ಜಾಸ್ತಿ ತಂದು ಪೇರಿಸಿಡಬೇಡಿ.

ಇಷ್ಟೆಲ್ಲ ನಾವು ಕಲಿತುಕೊಳ್ಳಬಹುದು. ಆದರೆ ಪೊಟ್ಟಣ ಒಡೆಯುವ ಮುಂಚೆ ಮೂಸುವುದು ಹೇಗೆ? ತಿರುಚುವುದು ಹೇಗೆ? ದುಡ್ಡು ಕೊಟ್ಟ ಮೇಲೆ, ಅದೂ ಮನೆಗೆ ತಂದು ಬಿಚ್ಚಿದ ಮೇಲೆ ಈ ಪರೀಕ್ಷೆಗಳೆಲ್ಲ. ಹಾಗಾಗಿ ಮಾರುವವರ ಮೇಲೂ ಸ್ವಲ್ಪ ಹೊಣೆ ಬೀಳಬೇಕು. 2011ರ ಕಾನೂನು ಮಾಪನಶಾಸ್ತ್ರದ (ತೂಕ, ಅಳತೆಯ ಕಾನೂನಿನ) ಪೊಟ್ಟಣ ಸರಕು ನಿಯಮಗಳ ಪ್ರಕಾರ ತಯಾರಿಸಿದವರ ಅಥವಾ ಪ್ಯಾಕ್ ಮಾಡಿದವರ ಹೆಸರು, ವಿಳಾಸ, ನಿವ್ವಳ ತೂಕ, ಬೆಲೆ, ದೂರು ಕೊಡಲು ಸಂಪರ್ಕ, ಹೊರದೇಶದ ಸರಕಾದರೆ ಯಾವ ದೇಶದ್ದು ಎನ್ನುವುದು ಇರಲೇಬೇಕು. ಎಷ್ಟೋ ಹುಲ್ಲಿನ ಪೊಟ್ಟಣಗಳಲ್ಲಿ ಇಷ್ಟೂ ಇರುವುದಿಲ್ಲ, ಮೇಲೊಂದು ಸ್ಟಿಕರ್ ಅಂಟಿಸಿರುತ್ತಾರೆ. ನಮ್ಮ ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಸಾಕುಪ್ರಾಣಿ ಅಂಗಡಿಗಳ ಕಡೆಗೂ ಒಮ್ಮೆ ಬರಲಿ. ಮೊಲ ಮಾರುವ ಅಂಗಡಿಗಳು 2018ರ ಸಾಕುಪ್ರಾಣಿ ಅಂಗಡಿ ನಿಯಮಗಳ ಅಡಿ ನೋಂದಣಿ ಮಾಡಿಸಿರಬೇಕು ಎನ್ನುವುದನ್ನೂ ಅಂಗಡಿಯವರು ಮರೆಯಬಾರದು. ಮೊಲ ಮಾರುವಾಗಲೇ ಅದರ ಮುಖ್ಯ ಊಟ ಹುಲ್ಲು ಎಂದು ಎರಡು ಮಾತು ಹೇಳಿದರೆ ಎಷ್ಟೋ ಜೀವ ಉಳಿಯುತ್ತವೆ.

ಕಾನೂನು ಕೇಳುವುದು ಸರಕು ತಯಾರಾದ ತಿಂಗಳನ್ನು. ನಮಗೆ ಬೇಕಾದ್ದು ಕೊಯ್ದ ತಿಂಗಳು. ಹುಲ್ಲಿನ ಜಾತಿ, ಬೆಳೆದ ಜಾಗ, ಎಷ್ಟನೇ ಕೊಯ್ಲು, ಕೊಯ್ದ ತಿಂಗಳು, ಈ ನಾಲ್ಕನ್ನು ಕನ್ನಡದಲ್ಲೂ ಅಚ್ಚು ಹಾಕಲು ಯಾವ ಖರ್ಚೂ ಇಲ್ಲ. ಪೊಟ್ಟಣದ ಎರಡ್ಮೂರು ಕಡೆ ಒಳಗಿನದು ಕಾಣುವ ಹಾಗೆ ಬಿಡಲಿ, ಗಾಳಿಯಾಡಲು ಸಣ್ಣ ತೂತು ಇರಲಿ. ಅಂಗಡಿಯಲ್ಲಿ ಬಿಚ್ಚಿದ ಒಂದು ಮಾದರಿ ಕಟ್ಟು ಇಟ್ಟರೆ ಇನ್ನೂ ಒಳ್ಳೆಯದು, ಕೊಳ್ಳುವವರು ಮುಟ್ಟಿ ಮೂಸಿ ತೆಗೆದುಕೊಳ್ಳಲಿ.

ಇದರ ಜೊತೆಗೆ ಇನ್ನೊಂದು ಆಸೆ. ಧಾರವಾಡದಲ್ಲಿ ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಇದೆ. ಬೆಂಗಳೂರಿನ ಆಡುಗೋಡಿಯಲ್ಲಿ ಪ್ರಾಣಿಗಳ ಪೋಷಣೆಯನ್ನೇ ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆ ಇದೆ, ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ಇದೆ. ಮೇವಿನ ಬಗ್ಗೆ ಇಷ್ಟು ತಿಳಿವಳಿಕೆ ರಾಜ್ಯದೊಳಗೇ ಇರುವಾಗ ಮೊಲದ ಹುಲ್ಲಿಗೆ ಹಡಗನ್ನೇ ಕಾಯಬೇಕಾ? ರೋಡ್ಸ್, ಗಿನಿ, ಗರಿಕೆಯನ್ನು ಮೊಲದ ಊಟಕ್ಕೆಂದೇ ಯಾವ ಹಂತದಲ್ಲಿ ಕೊಯ್ಯಬೇಕು, ಹೇಗೆ ಒಣಗಿಸಬೇಕು ಎಂದು ಕನ್ನಡದಲ್ಲಿ ಒಂದು ಪುಟದ ಮಾಹಿತಿ ಇವರಲ್ಲಿ ಯಾರಾದರೂ ಹೊರತಂದರೆ ಸಣ್ಣ ರೈತರಿಗೆ ಒಂದು ಹೊಸ ವ್ಯಾಪಾರ, ನಮಗೆ ತಾಜಾ ಹುಲ್ಲು. ಮಳೆ ಪೂರ್ತಿ ಹಿಂದೆ ಸರಿದು, ಒಣಗಾಳಿ ಬೀಸುವ ನವೆಂಬರ್ ಕೊನೆಯಿಂದ ಜನವರಿಯ ತನಕ ನಮ್ಮ ಬಯಲುಸೀಮೆಯಲ್ಲಿ ಹುಲ್ಲು ಒಣಗಿಸಲು ಒಳ್ಳೆಯ ಹವೆ. ನೀರಾವರಿ ಇರುವವರು ಆ ಹೊತ್ತಿಗೆ ಹೂ ಬರುವ ಹಾಗೆ ಬೆಳೆಸಿಕೊಳ್ಳಬಹುದು.

ನಿಮ್ಮ ಕೃಷಿ ಪುಟದ ಓದುಗರಲ್ಲಿ ಮೇವು ಬೆಳೆಯುವವರು ಬಹಳ ಜನ ಇದ್ದಾರೆ. ತೆಳು ದಂಟಿನ ಹುಲ್ಲನ್ನು ಹೂವಿನ ಹಂತದಲ್ಲಿ ಕೊಯ್ದು, ಮಳೆ ತಾಗಿಸದೆ ಒಣಗಿಸಿ, ಐದು ಹತ್ತು ಕಿಲೋ ಲೆಕ್ಕದಲ್ಲಿ ಕೊಡಲು ತಯಾರಿರುವವರು ಇದ್ದರೆ ದಯವಿಟ್ಟು ಇದೇ ಅಂಕಣಕ್ಕೆ ಬರೆಯಲಿ. ಯಾವ ಹುಲ್ಲು, ಯಾವ ತಾಲ್ಲೂಕು, ಯಾವ ತಿಂಗಳ ಕೊಯ್ಲು ಎಂದು ತಿಳಿಸಿದರೆ ಸಾಕು, ಬಂದು ನೋಡಿ, ಸರಿಯಾದ ಬೆಲೆ ಕೊಟ್ಟು ಒಯ್ಯಲು ನಾವು ತಯಾರಿದ್ದೇವೆ.

ಇಂತಿ,
ಮೊಲ ಸಾಕುವ ಒಬ್ಬ ಓದುಗ
ಮೈಸೂರು